ತುಳಸಾಬಾಯಿಯ ಸ್ವಂತ ಗೆರೆ

ತುಳಸಾಬಾಯಿ ಕೋಟುಮಚಗಿ ಎಂಬವಳ ಬಾಯಿಗೆ ಇಡೀ ಕಾರ್ಖಾನೆ ಹೆದರುತ್ತಿತ್ತು. ಕೈಗೆ ಮಾತ್ರ ಯಾರೂ ಹೆದರಬೇಕಾಗಿರಲಿಲ್ಲ. ಆ ಕೈ ಹದಿನಾಲ್ಕು ವರ್ಷದಿಂದ ಬೇರೆಯವರು ಎಳೆದ ಗೆರೆಯ ಮೇಲೆಯೇ ಗೆರೆ ಎಳೆಯುತ್ತ ಬಂದಿತ್ತು. ಅದೇ ಅವಳ ನೌಕರಿ. ಗದಗ-ಬೆಟಗೇರಿಯಲ್ಲಿ ಅಂದಾನಪ್ಪ ಸಾವಕಾರರು ಶೇಂಗಾ ಸುಲಿಯುವ ಯಂತ್ರ ತಯಾರಿಸುತ್ತಿದ್ದರು. ಯಂತ್ರದ ನಕಾಶೆಯನ್ನು ಡ್ರಾಫ್ಟ್ಸ್‌ಮನ್ ದತ್ತಾತ್ರಿರಾಯರು ದಪ್ಪ ಕಾಗದದ ಮೇಲೆ ಪೆನ್ಸಿಲಿನಿಂದ ತೆಗೆಯುತ್ತಿದ್ದರು. ಅದರ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಹಾಸಿ, ಕೆಳಗೆ ಕಂಡದ್ದನ್ನೆಲ್ಲ ಕಂಡ ಹಾಗೇ ಕಪ್ಪು ಶಾಯಿಯಲ್ಲಿ ಎತ್ತಿಕೊಳ್ಳುವುದು ಟ್ರೇಸರ್ ಆಗಿದ್ದ ತುಳಸಾಬಾಯಿಯ ಪಾಲು. ರಾಯರ ನಕಾಶೆ ತಪ್ಪಿದ್ದರೆ ಅವಳದ್ದೂ ತಪ್ಪಬೇಕು, ಅದೂ ಅಷ್ಟೇ ಅಂದವಾಗಿ.

ಇದನ್ನು ಅವಳು ಕಲಿತದ್ದು ನೌಕರಿಗೆ ಸೇರಿದ ಮೊದಲ ವಾರದಲ್ಲಿ. ರಾಯರು ಗಾಲಿಯೊಂದಕ್ಕೆ ಒಂದು ಹಲ್ಲು ಕಡಿಮೆ ಹಾಕಿದ್ದರು. ತುಳಸಾಬಾಯಿ ಉಪಕಾರವೆಂದು ಆ ಹಲ್ಲನ್ನು ಸೇರಿಸಿಬಿಟ್ಟಳು. ರಾಯರು ಟೋಪಿ ತೆಗೆದು ಮೇಜಿನ ಮೇಲೆ ಇಟ್ಟರು. ಅವರ ಸಿಟ್ಟು ಟೋಪಿ ತೆಗೆಯದೆ ಹೊರಗೆ ಬರುತ್ತಿರಲಿಲ್ಲ.

"ಬಾಯಾರ, ನಿಮ್ಮನ್ನ ಇಲ್ಲೆ ಶಾಣ್ಯಾತನ ಮಾಡ್ಲಿಕ್ಕೆ ಇಟಗೊಂಡಿಲ್ಲ. ಇದ್ದದ್ದು ಇದ್ದಾಂಗ ತಗೀರಿ."

ಆತು ಎಂದು ತುಳಸಾಬಾಯಿ ಅಂದಿನಿಂದ ಇದ್ದದ್ದನ್ನು ಇದ್ದ ಹಾಗೇ ತೆಗೆಯತೊಡಗಿದಳು. ಒಮ್ಮೆ ರಾಯರ ಕಾಗದದ ಮೇಲೆ ನೊಣವೊಂದು ಕೂತು ತನ್ನ ಕೆಲಸ ಮುಗಿಸಿ ಹೋಗಿತ್ತು. ಅವಳು ಆ ಚುಕ್ಕೆಯನ್ನೂ ಶಾಯಿಯಲ್ಲಿ ದುಂಡಗೆ ತೆಗೆದಳು. ತಗಡಿನ ಕೆಲಸದ ಬುಡ್ಡೇಸಾಬ ನಕಾಶೆಯಲ್ಲಿ ಇದ್ದದ್ದನ್ನು ಬಿಡುವ ಮನುಷ್ಯನಲ್ಲ. ಅವನು ಅಲ್ಲೊಂದು ತೂತು ಕೊರೆದ. ಆ ಯಂತ್ರ ಶಿರಹಟ್ಟಿಯ ಯಾರದೋ ಕಣದಲ್ಲಿ ಕಾರಣವಿಲ್ಲದ ಆ ತೂತಿನ ಸಮೇತ ವರ್ಷಗಟ್ಟಲೆ ಶೇಂಗಾ ಸುಲಿಯಿತು.

ಅವಳು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಅಪ್ಪ ಗುಡಿಯ ಸೇವೆ ಮಾಡಿಕೊಂಡು, ಸಂಜೆ ಪಂಚಾಂಗ ನೋಡಿ ಊರವರಿಗೆಲ್ಲ ಒಳ್ಳೆಯ ಮುಹೂರ್ತ ಹೇಳುತ್ತಿದ್ದರು. ತಮ್ಮ ಮಗಳಿಗೆ ಮಾತ್ರ ಕಿವಿ ಮಂದವಾದ ಅಳಿಯನನ್ನು ತಂದರು. ಗಂಡ ಗೋಪಾಲರಾಯರು ಶಾಲೆಯೊಂದರಲ್ಲಿ ಗುಮಾಸ್ತ. ಕಿವಿ ಮಂದವಾದದ್ದು ಲಗ್ನದ ಮೊದಲೋ ಆಮೇಲೋ ಎಂಬ ಬಗ್ಗೆ ಓಣಿಯಲ್ಲಿ ಎರಡು ಮಾತಿದ್ದವು. ಹುಬ್ಬಳ್ಳಿಯಲ್ಲಿ ಒಂದು ವರ್ಷ ಟ್ರೇಸರ್ ಕೋರ್ಸು ಮಾಡಿ ಎಪ್ಪತ್ನಾಲ್ಕರಲ್ಲಿ ಅವಳು ಈ ಕಾರ್ಖಾನೆ ಸೇರಿದಳು. ಗೆರೆ ಅಂದರೆ ಅವಳದು. ಕೂದಲೆಳೆಯಷ್ಟು ನಡುಕವಿಲ್ಲ. ಆದರೆ ಆ ಸಾವಿರಾರು ಗೆರೆಗಳಲ್ಲಿ ಇದು ನನ್ನದು ಅನ್ನುವಂಥದ್ದು ಒಂದೂ ಇರಲಿಲ್ಲ. ಇದು ಅವಳಿಗೆ ಚುಚ್ಚುತ್ತಿತ್ತು. ಕೆಳಗೆ ಏನೂ ಇಲ್ಲದ ಕಾಗದದ ಮೇಲೆ ಒಮ್ಮೆ, ಒಂದೇ ಒಂದು ಸಲ, ತಾನೇ ವಿಚಾರ ಮಾಡಿ ಒಂದು ಗೆರೆ ಎಳೆಯಬೇಕೆಂದು ಅವಳಿಗೆ ಬಹಳ ಆಸೆಯಿತ್ತು.

ಎಂಬತ್ತೆಂಟರ ಆಷಾಢದಲ್ಲಿ ಅಂದಾನಪ್ಪ ಸಾವಕಾರರು ಮುಂಬಯಿಗೆ ಹೋಗಿ ಅಲ್ಲಿಯ ಪ್ರದರ್ಶನದಲ್ಲಿ ಕಂಪ್ಯೂಟರಿನ ಮೇಲೆ ನಕಾಶೆ ತೆಗೆಯುವುದನ್ನು ನೋಡಿ ಮರುಳಾದರು. ಒಂದನ್ನು ಖರೀದಿ ಮಾಡಿ, ಗಾದಿಯ ಮೇಲೆ ಮಲಗಿಸಿ, ಬಾಣಂತಿಯನ್ನು ಕರೆತಂದ ಹಾಗೆ ಅಂಬಾಸಡರ್ ಕಾರಿನಲ್ಲಿ ಗದಗಿಗೆ ತಂದರು. ಡ್ರಾಯಿಂಗ್ ಕೋಣೆಗೆ ಲಾವಂಚದ ಪರದೆ ಬಂತು. ಅದಕ್ಕೆ ತಾಸಿಗೊಮ್ಮೆ ನೀರು ಹಾಕಲು ಒಬ್ಬ ಆಳು ಬಂದ. ಹದಿನಾಲ್ಕು ವರ್ಷ ಅದೇ ಕೋಣೆಯಲ್ಲಿ ಮನುಷ್ಯರು ಬೆಂದಾಗ ಬಾರದ ತಂಪು ಈಗ ಬಂತು. ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಬಿತ್ತು. ಸಾವಕಾರರ ಮನೆಯವರು ಬಂದು ಗಾಜಿನ ಮೇಲೆ ವಿಭೂತಿ ಎಳೆದು, ನಡುವೆ ಕುಂಕುಮ ಹಚ್ಚಿ ಆರತಿ ಎತ್ತಿದರು.

ಪೂಜೆ ಮುಗಿದು ಪೇಢೆ ಹಂಚುವಾಗ ಸಾವಕಾರರು ತಮ್ಮ ಹುಕುಂ ಹೊರಡಿಸಿದರು.

"ನೋಡ್ರಿ, ಇದು ಬಂದ ಮ್ಯಾಲ ತಗಿಯಾಕೊಬ್ಬರು, ಅದರ ಮ್ಯಾಲ ತಗಿಯಾಕೊಬ್ಬರು ಬೇಕಾಗಿಲ್ಲ. ಒಬ್ಬರು ಸಾಕು. ದೀಪಾವಳಿ ಒಳಗ ನಿಮ್ಮಿಬ್ಬರಾಗ ಯಾರು ಕಲೀತೀರೋ ಅವರು ಇಲ್ಲಿ ಕುಂಡ್ರಿ. ಇನ್ನೊಬ್ಬರು ಸ್ಟೋರಿಗೆ ನಡೀರಿ."

ಸ್ಟೋರು ಅಂದರೆ ಹಿಂದಿನ ತಗಡಿನ ಶೆಡ್ಡು. ನಟ್ಟು, ಬೋಲ್ಟು, ಗ್ರೀಸು ಮತ್ತು ಹೆಗ್ಗಣಗಳ ಊರು. ತುಳಸಾಬಾಯಿ ಪೇಢೆಯನ್ನು ಬಾಯಿಗೆ ಹಾಕಿಕೊಂಡವಳು ನುಂಗಲು ಮರೆತಳು. ರಾಯರು ಡ್ರಾಫ್ಟ್ಸ್‌ಮನ್, ತಾನು ಬರೀ ಟ್ರೇಸರ್. ಸ್ಟೋರಿಗೆ ಹೋಗುವವರು ಯಾರೆಂದು ಅಲ್ಲಿದ್ದವರೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅವಳಿಗೆ ಗೊತ್ತಾಯಿತು.

ಕಲಿಸಲು ಹುಬ್ಬಳ್ಳಿಯಿಂದ ಅನಂತ ಎಂಬ ಹುಡುಗ ಗೊತ್ತಾದ. ಮಂಗಳವಾರ, ಶುಕ್ರವಾರ ರೈಲಿಗೆ ಬರುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಅರ್ಧ ಪುಸ್ತಕ. ಉಳಿದರ್ಧವನ್ನು ಬರುವಾಗ ಗಾಡಿಯಲ್ಲಿ ಓದಿಕೊಳ್ಳುತ್ತಿದ್ದ. ಹಾಗಾಗಿ ರೈಲು ತಡವಾದ ದಿನ ಪಾಠ ಚೆನ್ನಾಗಿ ಆಗುತ್ತಿತ್ತು. ಅವನು ಮೊದಲು ಮಾಡಿದ ಕೆಲಸವೆಂದರೆ ಕರವಸ್ತ್ರದಿಂದ ಗಾಜಿನ ಮೇಲಿನ ವಿಭೂತಿ, ಕುಂಕುಮ ಒರೆಸಿದ್ದು. ಸಾವಕಾರರ ಮನೆಯವರಿಗೆ ಇದು ಇಂದಿಗೂ ಗೊತ್ತಿಲ್ಲ.

"ಬಾಯಿ, ಇಲ್ಲೆ ಎಲ್ಲಾ ಸೊನ್ನಿಯಿಂದ ಶುರು ಆಗ್ತದ," ಎಂದ ಅನಂತ. "ಕೆಳಗ, ಎಡಗಡೆ ಮೂಲ್ಯಾಗ ಸೊನ್ನಿ ಅದ. ಅಲ್ಲಿಂದ ಅಡ್ಡ ಎಷ್ಟು, ಮ್ಯಾಲ ಎಷ್ಟು ಅಂತ ನಾವು ಅಂಕಿ ಹೇಳಬೇಕು. ಅದು ಗೆರಿ ಎಳೀತದ."

ತುಳಸಾಬಾಯಿ ಮೂಲೆಗೆ ಮೂಗು ತಾಗಿಸಿ ನೋಡಿದಳು. "ಅಲ್ಲೇನೂ ಕಾಣವಲ್ದಲ್ಲೋ."

"ಕಾಣೂದಿಲ್ರಿ. ಆದರ ಅದ."

"ನಮ್ಮಪ್ಪ ಗುಡ್ಯಾಗ ಇದ ಹೇಳತಿದ್ದ," ಎಂದಳು ಅವಳು. "ಮುಂದ ಹೇಳು."

ಕಲಿಕೆ ಅವಳು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಲೈನ್ ಎಂದು ಕೀ ಒತ್ತಿ ಎರಡು ಜಾಗದ ಅಂಕಿ ಕೊಟ್ಟರೆ ಗೆರೆ. ಸರ್ಕಲ್ ಎಂದು ನಡುವಿನ ಜಾಗ ಮತ್ತು ಅಳತೆ ಕೊಟ್ಟರೆ ವೃತ್ತ. ಲೇಯರ್ ಎಂಬುದನ್ನು ಅನಂತ ಪುಸ್ತಕ ನೋಡಿ ವಿವರಿಸಲು ಒದ್ದಾಡುತ್ತಿದ್ದಾಗ ತುಳಸಾಬಾಯಿ ತಾನೇ ಹೇಳಿದಳು: ಒಂದರ ಮೇಲೊಂದು ಟ್ರೇಸಿಂಗ್ ಕಾಗದ ಹಾಸಿದ್ದಾರೆ, ಬೇಡವಾದದ್ದನ್ನು ಎತ್ತಿ ಬದಿಗಿಡಬಹುದು, ಅಷ್ಟೇ ತಾನೇ. ಅನಂತ ಪುಸ್ತಕ ಮುಚ್ಚಿ ಗಿರಮಿಟ್ಟು ತಿನ್ನಲು ಹೋದ.

ಅವಳನ್ನು ನಿಜವಾಗಿ ಮರುಳು ಮಾಡಿದ್ದು ಅನ್‌ಡೂ. ಟ್ರೇಸಿಂಗ್ ಕಾಗದದ ಮೇಲೆ ಶಾಯಿಯ ಗೆರೆ ತಪ್ಪಿದರೆ ಅರ್ಧ ಮುರಿದ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆಯಬೇಕು, ಕೆರೆದಲ್ಲಿ ಉಗುರಿನಿಂದ ತಿಕ್ಕಿ ನುಣುಪು ಮಾಡಬೇಕು. ಒಂದು ಕೂದಲು ಹೆಚ್ಚು ಕೆರೆದರೆ ಕಾಗದ ತೂತು, ಇಡೀ ವಾರದ ಕೆಲಸ ಹೊಳ್ಳಿ ಮೊದಲಿನಿಂದ. ಇಲ್ಲಿ ಒಂದು ಕೀ ಒತ್ತಿದರೆ ಗೆರೆ ಇರಲೇ ಇಲ್ಲವೆಂಬಂತೆ ಮಾಯ. ಅವಳು ಮುಂಜಾನೆಯೆಲ್ಲ ಗೆರೆ ಎಳೆದಳು, ಅಳಿಸಿದಳು, ಎಳೆದಳು, ಅಳಿಸಿದಳು.

"ಅನಂತಾ, ಇದು ಸಂಸಾರಕ್ಕ ಬಂದದೇನೋ?"

"ಇನ್ನೂ ಇಲ್ಲ ಬಾಯಿ."

"ಬಂದರ ಮೊದಲ ನನಗ ಹೇಳು. ಲಗ್ನದ ದಿನದಿಂದ ಶುರು ಮಾಡ್ತೀನಿ."

ಕರೆಂಟು ಹೋದರೆ ಮಾತ್ರ ಎಲ್ಲವೂ ಹೋಗುತ್ತಿತ್ತು. ಮೊದಲ ಸಲ ಮೂರು ತಾಸಿನ ಕೆಲಸ ಕಣ್ಣೆದುರೇ ಆರಿಹೋದಾಗ ತುಳಸಾಬಾಯಿ ಕರೆಂಟು ಕಂಡುಹಿಡಿದವನ ತನಕ ಹೋಗಿ ಬೈದಳು. ಅನಂತ ಮೆಲ್ಲಗೆ, ಆಗಾಗ ಸೇವ್ ಮಾಡಿಕೊಳ್ಳಬೇಕು ಎಂದು ಹೇಳಲು ಮರೆತಿದ್ದೆ ಎಂದ. ಆಮೇಲೆ ಬೈಗುಳ ಅವನ ಕಡೆ ತಿರುಗಿತು.

ದತ್ತಾತ್ರಿರಾಯರು ಯಂತ್ರದ ಮುಂದೆ ಕೂತದ್ದು ಒಂದೇ ಸಲ. ತಮ್ಮ ಸ್ಟೀಲ್ ಸ್ಕೇಲನ್ನು ಗಾಜಿಗೆ ಹಚ್ಚಿ ಅಳೆದರು. ಅನಂತ ಜೂಮ್ ಮಾಡಿ ತೋರಿಸಿದ ಮೇಲೆ ಇನ್ನೊಮ್ಮೆ ಅಳೆದರು. ಅಳತೆ ಬೇರೆ ಬಂತು.

"ಇದರೊಳಗ ಇಂಚು ಒಂದು ಕಡೆ ನಿಂದ್ರೂದಿಲ್ಲ. ಇಂಥಾದ್ದರ ಕೂಡ ನನಗ ಜಮಾಸೂದಿಲ್ಲ," ಎಂದು ಎದ್ದುಹೋದವರು ಮತ್ತೆ ಹತ್ತಿರ ಬರಲಿಲ್ಲ. ತುಳಸಾಬಾಯಿ ಹೇಗೂ ಸೋಲುತ್ತಾಳೆ, ಯಂತ್ರ ಸಾವಕಾರರ ದಿವಾಣಖಾನೆಯಲ್ಲಿ ಪರದೆ ಹೊದ್ದು ಕೂತುಕೊಳ್ಳುತ್ತದೆ, ಎಲ್ಲ ಮೊದಲಿನಂತೆ ನಡೆಯುತ್ತದೆ ಎಂಬುದು ಅವರ ಧೈರ್ಯ. ಅದು ತೀರ ಸುಳ್ಳೂ ಆಗಿರಲಿಲ್ಲ.

ಏಕೆಂದರೆ ಶ್ರಾವಣದ ಒಂದು ಶುಕ್ರವಾರ ಅನಂತ ಹೇಳಿದ: "ಬಾಯಿ, ರಾಯರ ಗಾಲಿ, ರಾಯರ ಚೌಕಟ್ಟು ಎಲ್ಲಾ ಛಂದ ತಗದೀರಿ. ಇವತ್ತ ನಿಮ್ಮ ಮನಸ್ಸಿಗೆ ಬಂದದ್ದು ಏನರ ತಗೀರಿ."

ತುಳಸಾಬಾಯಿ ಕೀಲಿಗಳ ಮೇಲೆ ಕೈ ಇಟ್ಟು ಕೂತಳು. ಕಪ್ಪು ಗಾಜು. ಒಂದು ಸಣ್ಣ ಗುರುತು ಮಿಣುಕ್ ಮಿಣುಕ್ ಎನ್ನುತ್ತಿತ್ತು. ಮನಸ್ಸಿಗೆ ಏನೂ ಬರಲಿಲ್ಲ. ಒಂದು ಗೆರೆ ಎಳೆದಳು, ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಳಿಸಿದಳು. ಅನಂತ ಸಂಜೆಯ ಗಾಡಿಗೆ ಹೋದ. ಅವಳು ಇನ್ನೂ ಕೂತೇ ಇದ್ದಳು. ಹದಿನಾಲ್ಕು ವರ್ಷ ಯಾವುದಕ್ಕೆ ಹಂಬಲಿಸಿದ್ದಳೋ ಆ ಖಾಲಿ ಜಾಗ ಕೊನೆಗೂ ಎದುರಿಗೆ ಬಂದು ನಿಂತಿತ್ತು. ಕೈಗೆ ಮಾತ್ರ ಏನೂ ಬರಲಿಲ್ಲ. ಅವಳಿಗೆ ವಿಪರೀತ ನಾಚಿಕೆಯಾಯಿತು. ಮನೆಗೆ ಹೋಗಿ, ಸಾರಿಗೆ ತಾನೇ ಎರಡು ಸಲ ಉಪ್ಪು ಹಾಕಿ, ಅದನ್ನು ಉಂಡದ್ದಕ್ಕೆ ಗೋಪಾಲರಾಯರನ್ನು ಬೈದಳು.

ಹಬ್ಬಗಳು ಒಂದೊಂದಾಗಿ ಕಳೆದು ನವರಾತ್ರಿ ಹತ್ತಿರ ಬಂತು. ಆಗ ಮುಂಡರಗಿಯ ವ್ಯಾಪಾರಿ ದ್ಯಾಮಪ್ಪ ಹೊಸ ಯಂತ್ರ ಕೇಳಿಕೊಂಡು ಬಂದ. ದೀಪಾವಳಿಯ ಹೊತ್ತಿಗೆ ಶೇಂಗಾ ಕಣಕ್ಕೆ ಬರುತ್ತದೆ, ಅಷ್ಟರಲ್ಲಿ ಬೇಕು. ಕಂಪ್ಯೂಟರಿಗೆ ಕೈಮುಗಿದು, ಚಹಾ ಕುಡಿದು, ತನ್ನ ತಕರಾರು ಶುರುಮಾಡಿದ.

"ನಿಮ್ಮ ಯಂತ್ರ ಭಾಳ ಎತ್ತರ ಆತ್ರಿ ಸಾವಕಾರ್ರ. ಹೆಣ್ಣಮಕ್ಕಳು ಬುಟ್ಟಿ ಸುರುವಾಕ ಸೀಮಿಎಣ್ಣಿ ಡಬ್ಬಿ ಬೋರಲ ಹಾಕಿ ಅದರ ಮ್ಯಾಲ ನಿಂದರತಾರ. ಹ್ವಾದ ವರ್ಷ ನಮ್ಮ ಕಸ್ತೂರೆವ್ವ ಬುಟ್ಟಿ ಸಮೇತ ಬಿದ್ದು ಸ್ವಂಟ ಉಳುಕಿಸಿಕೊಂಡ್ಲು. ಸುಗ್ಗ್ಯಾಗ ನನ್ನ ಕೆಲಸ ನಿಂತ್ ಹ್ವಾತು."

ರಾಯರು ಪೆನ್ಸಿಲ್ ಕೆತ್ತುವುದನ್ನು ನಿಲ್ಲಿಸಲಿಲ್ಲ. "ಕಾಳು ಬೀಳ್ಲಿಕ್ಕೆ ಕೆಳಗ ಬುಟ್ಟಿ ಇಡಬೇಕು. ಅದಕ್ಕ ಕಾಲು ಎತ್ತರ. ಈ ನಕಾಶೆ ಹನ್ನೆರಡು ವರ್ಷದಿಂದ ಹಿಂಗ ಅದ."

"ಮತ್ತ ಹೆಣ್ಣಮಕ್ಕಳು ಏನ್ ಮಾಡಬೇಕ್ರಿ?"

"ಎತ್ತರ ಇದ್ದವರನ್ನ ಕೆಲಸಕ್ಕ ಇಟಗೋರಿ."

ಸಾವಕಾರರು ನಕ್ಕರು. ದ್ಯಾಮಪ್ಪನೂ ನಕ್ಕ. ತುಳಸಾಬಾಯಿ ನಗಲಿಲ್ಲ. ಅವಳೂ ಗಿಡ್ಡಳೇ. ಮೇಜಿನ ಮೇಲಂಚಿನ ಗೆರೆ ಎಳೆಯಲು ಹದಿನಾಲ್ಕು ವರ್ಷದಿಂದ ಕಾಲಡಿಗೆ ಒಂದು ಮಣೆ ಹಾಕಿಕೊಂಡೇ ನಿಲ್ಲುತ್ತಿದ್ದಳು. ಆ ಮಣೆಯನ್ನು ಯಾರೂ, ಅವಳೂ ಸಹ, ಇಲ್ಲಿಯವರೆಗೆ ತಕರಾರು ಎಂದು ತಿಳಿದಿರಲಿಲ್ಲ.

"ಸಾವಕಾರ್ರ, ಇದನ್ನ ನಾ ತಗೀತೀನಿ," ಎಂದಳು. ಹೇಳಿದ ಮೇಲೆ ಯಾಕೆ ಹೇಳಿದೆನೋ ಅನ್ನಿಸಿತು. ಆದರೆ ಬಾಯಿಂದ ಹೋದ ಮಾತಿಗೆ ಅನ್‌ಡೂ ಇರಲಿಲ್ಲ.

"ತಗೀರಿ. ಆದರ ನೋಡ್ರಿ, ಇದ ನಿಮ್ಮ ಪರೀಕ್ಷಾ," ಎಂದರು ಸಾವಕಾರರು. "ಯಂತ್ರ ನೆಟ್ಟಗಾದ್ರ ಕುರ್ಚಿ ನಿಮ್ದು. ಇಲ್ಲಾಂದ್ರ ಸ್ಟೋರು."

ಆ ಭಾನುವಾರ ಬೆಟಗೇರಿಯ ಅವಳ ಅಡುಗೆಮನೆಯಲ್ಲಿ ನಡೆದದ್ದನ್ನು ಓಣಿಯವರು ಕಿಟಕಿಯಿಂದ ನೋಡಿ ಬಹಳ ದಿನ ಆಡಿಕೊಂಡರು. ತುಳಸಾಬಾಯಿ ಅರಿವೆ ತುಂಬಿದ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಗೋಡೆಯ ಮುಂದೆ ನಿಂತು ಎತ್ತುತ್ತಿದ್ದಳು, ಇಳಿಸುತ್ತಿದ್ದಳು. ಗೋಪಾಲರಾಯರು ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತು ಎಲ್ಲಿಗೆ ಬಂತೆಂದು ಗೋಡೆಗೆ ಸುಣ್ಣದಿಂದ ಗುರುತು ಹಾಕುತ್ತಿದ್ದರು.

"ಎದಿಗಿಂತ ಮ್ಯಾಲ ಹೋದರ ತೋಳಿಗೆ ನೋವಾಗ್ತದ ನೋಡ್ರಿ," ಎಂದಳು.

"ಹೋಳಿಗಿ ಯಾಕ ಈಗ?" ಎಂದರು ಗೋಪಾಲರಾಯರು. ಆದರೆ ಗುರುತು ಸರಿಯಾದ ಜಾಗಕ್ಕೇ ಹಾಕಿದರು.

ಆ ಗುರುತು ಅವಳಿಗೆ ದಾರಿ ತೆರೆಯಿತು. ಶೇಂಗಾ ಸುರಿಯುವ ಬಾಯಿ ಅಷ್ಟು ಕೆಳಗೆ ಬರಬೇಕಾದರೆ ಯಂತ್ರದ ಕಾಲು ಕಡಿಯಬೇಕು. ಕಾಲು ಕಡಿದರೆ ಅಡಿಗೆ ಬುಟ್ಟಿ ಇಡಲು ಜಾಗವಿಲ್ಲ. ಹಾಗಾದರೆ ಬುಟ್ಟಿ ಅಡಿಗೇ ಏಕಿರಬೇಕು? ಒಂದು ಓರೆ ತಗಡು ಹಚ್ಚಿದರೆ ಕಾಳು ಜಾರಿ ಬದಿಗೆ ಬೀಳುತ್ತದೆ, ಬುಟ್ಟಿ ಬದಿಗೇ ಕೂತಿರುತ್ತದೆ. ಸೋಮವಾರ ಕಂಪ್ಯೂಟರಿನ ಮುಂದೆ ಕೂತಾಗ ಗಾಜು ಅದೇ ಕಪ್ಪು, ಗುರುತು ಅದೇ ಮಿಣುಕು. ಈ ಸಲ ಅವಳು ಅಂಕಿ ಒತ್ತಿದಳು. ಗೆರೆ ಬಂತು. ಇನ್ನೊಂದು ಒತ್ತಿದಳು. ನಾಲ್ಕು ದಿನ ಊಟದ ಡಬ್ಬಿ ಬಿಚ್ಚಿದ್ದು ನೆನಪಿಲ್ಲ. ಗಿಡ್ಡ ಕಾಲಿನ, ಬದಿಗೆ ನಾಲಿಗೆ ಚಾಚಿದ ಯಂತ್ರವೊಂದು ಗಾಜಿನ ಮೇಲೆ ನಿಂತಿತು. ಅವಳಿಗೆ ಅದನ್ನು ನೋಡಿ ನೋಡಿ ತಣಿಯಲಿಲ್ಲ.

ಸಾವಕಾರರು ಬಂದು ನೋಡಿ ಖುಷಿಯಾದರು. "ಶಾಬಾಸ್! ಇನ್ನ ಇದನ್ನ ಹೊರಗ ತಗೀರಿ. ಬುಡ್ಡೇಸಾಬಗ ಕೊಡೂಣು."

ಅನಂತ ಮೇಲೆ ಪಂಖ ನೋಡಿದ. ಹೊರಗೆ ತೆಗೆಯಲು ಬೇರೆ ಯಂತ್ರ ಬೇಕು, ಪ್ಲಾಟರ್ ಅಂತ, ಅದು ಪೆನ್ನು ಹಿಡಿದು ಕಾಗದದ ಮೇಲೆ ತೆಗೆಯುತ್ತದೆ, ಅದರ ಕಿಮ್ಮತ್ತು ಇದಕ್ಕಿಂತ ಜಾಸ್ತಿ ಎಂದು ತಡವರಿಸಿ ಹೇಳಿದ.

"ಮೊದಲ ಯಾಕ ಹೇಳಲಿಲ್ಲೋ ತಮ್ಮಾ?"

"ನೀವು ಒಳಗ ಹೆಂಗ ತಗಿಯೂದು ಅಂತ ಕೇಳಿದ್ರಿ. ಹೊರಗ ಹೆಂಗ ಬರ್ತದ ಅಂತ ಯಾರೂ ಕೇಳಲಿಲ್ರಿ."

ದತ್ತಾತ್ರಿರಾಯರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಇಡೀ ಮೂರು ತಿಂಗಳಲ್ಲಿ ಅವರಿಗೆ ಇಷ್ಟು ಸುಖವಾಗಿರಲಿಲ್ಲ. ಆದರೆ ಅವರ ನಗು ಮುಗಿಯುವುದರೊಳಗೆ ತುಳಸಾಬಾಯಿ ಟ್ರೇಸಿಂಗ್ ಕಾಗದದ ಹಾಳೆಯನ್ನು ಗಾಜಿನ ಮೇಲೆ ಇಟ್ಟು, ನಾಲ್ಕು ಮೂಲೆಗೆ ಟೇಪು ಹಚ್ಚಿ, ಶಾಯಿಯ ಪೆನ್ನು ಎತ್ತಿಕೊಂಡಿದ್ದಳು. ಕಾಗದದ ಹಿಂದಿನಿಂದ ಬೆಳಕು ಬರುತ್ತಿತ್ತು. ಇಷ್ಟು ಸ್ವಚ್ಛವಾಗಿ ಗೆರೆ ಅವಳಿಗೆ ಎಂದೂ ಕಂಡಿರಲಿಲ್ಲ. ಟ್ರೇಸರ್ ಬೇಡವೆಂದು ತಂದ ಯಂತ್ರಕ್ಕೆ ಕೊನೆಗೆ ಟ್ರೇಸರೇ ಬೇಕಾದಳು. ಅವಳು ಇದನ್ನು ದೊಡ್ಡ ದನಿಯಲ್ಲಿ ಎರಡು ಸಲ ಹೇಳಿ, ಆಮೇಲೆ ಉಸಿರು ಬಿಗಿಹಿಡಿದು ಕೆಲಸಕ್ಕೆ ತೊಡಗಿದಳು.

ಆಗಿನ ಗಾಜಿನ ಮೇಲೆ ಓರೆ ಗೆರೆ ಓರೆಯಾಗಿ ಕಾಣುತ್ತಿರಲಿಲ್ಲ. ಬೆಳಕಿನ ಚುಕ್ಕೆಗಳು ದಪ್ಪ. ಅಡ್ಡ ಒಂದಿಷ್ಟು, ಮೇಲೊಂದಿಷ್ಟು, ಮತ್ತೆ ಅಡ್ಡ ಹೀಗೆ ಹಲ್ಲುಹಲ್ಲಾಗಿ ಹತ್ತುತ್ತಿತ್ತು. ಅಂಕಿ ಒತ್ತುವಾಗ ತುಳಸಾಬಾಯಿ ಹೇಳಿದ್ದು ನೆಟ್ಟನೆಯ ಗೆರೆ. ಪೆನ್ನು ಹಿಡಿದಾಗ ಕಂಡದ್ದು ಹಲ್ಲು. ಕೈ ಹದಿನಾಲ್ಕು ವರ್ಷದ ರೂಢಿಯಂತೆ ಒಂದು ಹಲ್ಲನ್ನೂ ಬಿಡದೆ, ಒಂದನ್ನೂ ಸೇರಿಸದೆ, ಇದ್ದದ್ದನ್ನು ಇದ್ದ ಹಾಗೇ ತೆಗೆಯಿತು. ಕೊನೆಯ ಹಲ್ಲು ಮುಗಿಸಿ ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡಳು ಕೂಡ.

ಮರುವಾರದ ಶನಿವಾರ ಯಂತ್ರ ಅಂಗಳಕ್ಕೆ ಬಂತು. ಸಾವಕಾರರು, ರಾಯರು, ಕೆಲಸಗಾರರು ಎಲ್ಲರೂ ಸುತ್ತ ನಿಂತರು. ಗಿಡ್ಡ ಕಾಲು ಸರಿ, ಮೇಲಿನ ಬಾಯಿ ಸರಿ. ಬದಿಯ ತಗಡು ಮಾತ್ರ ಕೆರೆಯ ಮೆಟ್ಟಿಲಿನ ಹಾಗೆ ಕಿರುಬೆರಳಗಲ ಕಿರುಬೆರಳಗಲ ಮಡಿಚಿಕೊಂಡು ಕೆಳಗಿಳಿದಿತ್ತು. ಶೇಂಗಾ ಸುರಿದರು, ಯಂತ್ರ ತಿರುಗಿಸಿದರು. ಕಾಳು ಒಂದೊಂದು ಮೆಟ್ಟಿಲ ಮೇಲೂ ಸಾಲಾಗಿ ಕೂತಿತು. ಬುಟ್ಟಿಗೆ ಒಂದೂ ಬೀಳಲಿಲ್ಲ. ಹಿಂದಿನಿಂದ ಬಂದ ಕಾಳು ಮೇಲೆ ಏರಿ, ಬದಿಗೆ ಚೆಲ್ಲಿ, ಅಂಗಳದ ತುಂಬ ಓಡಾಡಿತು.

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ. ರಾಯರು ಒಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡು, "ಬಾಯಾರ, ಕಾಳಿಗೆ ಹತ್ತಿ ಇಳೀಲಿಕ್ಕೆ ಭಾಳ ಅನುಕೂಲ ಮಾಡೀರಿ," ಎಂದರು.

ಸಾವಕಾರರು ನಗಲಿಲ್ಲ. "ಮಂಗಳವಾರ ದ್ಯಾಮಪ್ಪ ಬರ್ತಾನ. ರಾಯರ ಹಳೇ ನಕಾಶೆದ್ದ ಕೊಟ್ಟು ಕಳಸೂಣು. ತುಳಸಾಬಾಯಾರ, ಸ್ಟೋರಿನ ಕೀಲಿ ಇಸಗೋರಿ," ಎಂದು ಒಳಗೆ ಹೋದರು.

ಬುಡ್ಡೇಸಾಬ ಮುಖ ಸಣ್ಣದು ಮಾಡಿಕೊಂಡು ಬಂದ. ಎರಡು ದಿನ ಕೂತು ಅಷ್ಟೂ ಮಡಿಕೆ ಬಡಿದ ಅವನ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

"ನನಗ ಸಂಶೆ ಬಂದಿತ್ರಿ ಬಾಯಾರ. ಕಾಳು ಹೆಂಗ ಜಾರತೈತಿ ಅಂತ. ಕೇಳಾಕ ಬರಾವಿದ್ದೆ."

"ಮತ್ತ ಯಾಕ ಬರಲಿಲ್ಲೋ?"

"ನಿಮ್ಮ ಗೆರಿ ಎಂದೂ ತಪ್ಪಿಲ್ಲಲ್ರಿ. ಏನೋ ಹಿಕಮತ್ತು ಇರಬೇಕು, ನನಗ ತಿಳಿಯಂಗಿಲ್ಲ ಅಂತ ಸುಮ್ಮಕಾದೆ."

ಬೈಯುತ್ತಾಳೆಂದು ಅವನು ಕಾದ. ಅವಳಿಗೆ ಬೈಗುಳ ಸಿಗಲಿಲ್ಲ. ರಾಯರ ಚುಚ್ಚುಮಾತಿಗಿಂತ ಇವನ ವಿಶ್ವಾಸ ಹೆಚ್ಚು ನೋಯಿಸಿತು. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ತನ್ನದೇ ಗೆರೆ ಎಂದು ಕುಣಿದಾಡಿದ್ದಳು. ಆ ಗೆರೆಯನ್ನೂ ತಾನು ಯಾರೋ ಬೇರೆಯವರದ್ದೆಂಬಂತೆ ನಕಲು ಮಾಡಿದ್ದಳು! ತಪ್ಪು ಗಾಜಿನದ್ದಲ್ಲ, ಬುಡ್ಡೇಸಾಬನದ್ದಂತೂ ಅಲ್ಲ. ನಕಲಿನ ರೂಢಿ ಅವಳ ಎಲುಬಿಗೆ ಇಳಿದಿತ್ತು. ಅದು ತಿಳಿದಾಗ ಅವಳಿಗೆ ಅಳು ಬಂತು, ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಓರೆ ಗೆರೆಯನ್ನು ಆರಿಸಿ, ಅನಂತ ಕಲಿಸಿದ ಪ್ರಕಾರ ಅದರ ಲೆಕ್ಕ ಕೇಳಿದಳು. ಯಂತ್ರ ಎರಡು ತುದಿಯ ಅಂಕಿ ತೋರಿಸಿತು. ಶುರುವಾಗುವುದು ಇಲ್ಲಿ, ಮುಗಿಯುವುದು ಅಲ್ಲಿ. ನಡುವೆ ಮೆಟ್ಟಿಲಿನ ಮಾತೇ ಇರಲಿಲ್ಲ. ಯಂತ್ರದ ಹೊಟ್ಟೆಯೊಳಗೆ ಗೆರೆ ಅವಳು ಹೇಳಿದ ಹಾಗೆ ನೆಟ್ಟಗೇ ಇತ್ತು.

ಅವಳು ಆ ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಂಡು ತನ್ನ ಮೇಜಿಗೆ ಬಂದಳು. ಹೊಸ ಹಾಳೆ ಹಾಸಿದಳು. ಕೆಳಗೆ ರಾಯರ ಪೆನ್ಸಿಲ್ ಇಲ್ಲ, ಗಾಜಿನ ಬೆಳಕಿಲ್ಲ, ಬರೀ ಮರದ ಹಲಗೆ. ಅಳೆದು ಒಂದು ಚುಕ್ಕೆ ಇಟ್ಟಳು, ಇನ್ನೊಂದು ಇಟ್ಟಳು. ಸ್ಕೇಲು ಹೊಂದಿಸಿದಳು. ಪೆನ್ನು ಎತ್ತಿಕೊಂಡಳು. ಒಮ್ಮೆ ಕೈ ಕೆಳಗಿಟ್ಟು, ನೀರು ಕುಡಿದು ಬಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದೇಬಿಟ್ಟಳು. ಗೆರೆ ನಡುವೆ ಸ್ವಲ್ಪ ದಪ್ಪವಾಯಿತು. ಕೋರ್ಸಿನ ಮೊದಲ ವಾರದಲ್ಲೂ ಅವಳು ಇಷ್ಟು ಕೆಟ್ಟ ಗೆರೆ ಎಳೆದಿರಲಿಲ್ಲ. ಬ್ಲೇಡು ಎತ್ತಿಕೊಂಡು ಮತ್ತೆ ಇಟ್ಟಳು. ಇರಲಿ ಎಂದುಕೊಂಡಳು.

ಬುಡ್ಡೇಸಾಬ ಭಾನುವಾರವೂ ಬಂದು ಹೊಸ ತಗಡು ಕತ್ತರಿಸಿದ. ಮಂಗಳವಾರ ದ್ಯಾಮಪ್ಪನ ಎದುರು ಯಂತ್ರ ತಿರುಗಿತು. ಕಾಳು ಸರಸರನೆ ಜಾರಿ ಬುಟ್ಟಿಗೆ ಬಿತ್ತು. ಸಾವಕಾರರು ಇದು ಕಂಪ್ಯೂಟರಿನ ಪವಾಡವೆಂದು ದ್ಯಾಮಪ್ಪನಿಗೆ ಅರ್ಧ ತಾಸು ಹೇಳಿದರು. ಆಮೇಲೆ ಸ್ಟೋರಿನ ಕೀಲಿಯನ್ನು ತುಳಸಾಬಾಯಿಯ ಕೈಯಿಂದ ವಾಪಸು ಇಸಿದುಕೊಂಡರು.

ಅದನ್ನು ರಾಯರಿಗೆ ಕೊಡಲು ಮಾತ್ರ ಅವರಿಗೂ ಧೈರ್ಯವಾಗಲಿಲ್ಲ. ಪ್ಲಾಟರ್ ಕೊಳ್ಳುವ ಮನಸ್ಸಂತೂ ಇಲ್ಲವೇ ಇಲ್ಲ. ಹಾಗಾದರೆ ತುಳಸಾಬಾಯಿ ಯಂತ್ರದಿಂದ ಅಂಕಿ ಓದಬೇಕು, ಯಾರಾದರೂ ಅದನ್ನು ಕಾಗದಕ್ಕೆ ಇಳಿಸಬೇಕು. ಆ ಯಾರಾದರೂ ತಾವೇ ಎಂದು ಕೇಳಿ ರಾಯರು ರಾಜೀನಾಮೆ ಎಂದು ಮನೆಗೆ ಹೋದರು. ಎರಡು ದಿನ ಅವರನ್ನು ಮನೆಯಲ್ಲಿ ಸಹಿಸಿದ ಅವರ ಹೆಂಡತಿ ಅಂಬುಬಾಯಿ ಮೂರನೆಯ ದಿನ ಡಬ್ಬಿ ಕಟ್ಟಿ ಹೊರಗೆ ಕಳಿಸಿದಳು. ರಾಯರು ಬಂದು, ಮೇಜು ಒರೆಸಿ, ಪೆನ್ಸಿಲ್ ಕೆತ್ತಿ, ಗೋಡೆ ನೋಡುತ್ತ ಹೇಳಿದರು.

"ಹೇಳ್ರಿ, ನಂಬರ್ ಏನದ?"

"ಹೇಳ್ತೀನಿ ರಾಯರ. ಆದರ ಶಾಣ್ಯಾತನ ಮಾಡಬ್ಯಾಡ್ರಿ. ಇದ್ದದ್ದು ಇದ್ದಾಂಗ ತಗೀರಿ."

ರಾಯರು ಟೋಪಿಗೆ ಕೈ ಹಾಕಿದರು. ತೆಗೆಯದೆ ಅದನ್ನು ತಲೆಯ ಮೇಲೇ ಸರಿಯಾಗಿ ಇಟ್ಟುಕೊಂಡು, ಸ್ಕೇಲು ಎತ್ತಿಕೊಂಡರು.

ದೀಪಾವಳಿ ಕಳೆದ ಮೇಲೆ ತುಳಸಾಬಾಯಿ ಒಂದು ದಿನ ರಜೆ ಹಾಕಿ ಮುಂಡರಗಿಯ ಬಸ್ಸು ಹತ್ತಿದಳು. ಗಂಡನಿಗೆ ಸಂಬಂಧಿಕರ ಮನೆ ಎಂದು ಹೇಳಿದ್ದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳು. ತನ್ನ ಯಂತ್ರದ ಮುಂದೆ ನಿಂತು ಯಾರಾದರೂ ಏನಾದರೂ ಅನ್ನುವುದನ್ನು ಕೇಳಬೇಕಿತ್ತು. ಆ ಆಸೆಯನ್ನು ಅವಳು ತನ್ನಿಂದಲೇ ಮುಚ್ಚಿಡಲು ನೋಡಿದಳು, ಆಗಲಿಲ್ಲ.

ದ್ಯಾಮಪ್ಪನ ಅಂಗಳದಲ್ಲಿ ಶೇಂಗಾ ಗುಡ್ಡೆಯಾಗಿತ್ತು. ಹೆಂಗಸರು ಸಾಲಾಗಿ ಬುಟ್ಟಿ ತುಂಬಿ ತರುತ್ತಿದ್ದರು. ಯಂತ್ರ ಸದ್ದು ಮಾಡುತ್ತ ತಿರುಗುತ್ತಿತ್ತು. ಗಿಡ್ಡನೆಯ ಹೆಂಗಸೊಬ್ಬಳು ಸೊಂಟದಿಂದ ಬುಟ್ಟಿಯನ್ನು ಹಾಗೇ ಓರೆ ಮಾಡಿ ಯಂತ್ರದ ಬಾಯಿಗೆ ಸುರಿದು ಹೋದಳು. ಯಾರೋ ಅವಳನ್ನು ಕಸ್ತೂರೆವ್ವಾ ಎಂದು ಕೂಗಿದರು. ತುಳಸಾಬಾಯಿ ಸೆರಗು ಸರಿಮಾಡಿಕೊಂಡಳು. ಕಸ್ತೂರೆವ್ವ ಮತ್ತೆ ಬರುವತನಕ ಕಾದಳು.

"ಯವ್ವಾ, ಈ ಹೊಸ ಯಂತ್ರ ಹೆಂಗದ?"

"ಯಾವ ಹೊಸಾದ್ರಿ?"

"ಇದ. ಈಗ ಡಬ್ಬಿ ಮ್ಯಾಲ ಹತ್ತೂದು ಬಂದಿಲ್ಲಲ್ಲ?"

ಕಸ್ತೂರೆವ್ವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಡಬ್ಬಿ ಯಾಕ ಹತ್ತಬೇಕ್ರಿ? ಕೈಗೆ ಸಿಗತೈತೆಲ್ಲ."

"ಹೌದು, ಅದನ್ನ ಕೇಳಿದೆ. ಕೈಗೆ ಸಿಗಲಿ ಅಂತ..." ತುಳಸಾಬಾಯಿ ಓರೆ ತಗಡಿನ ಕಡೆ ಕೈ ಮಾಡಿದಳು.

ಹಿಂದೆ ಮೂವರು ಹೆಂಗಸರು ತುಂಬಿದ ಬುಟ್ಟಿ ಹೊತ್ತು ನಿಂತಿದ್ದರು.

"ಬಾಯಾರ, ಒಂದೀಟ ಸರೀರಿ," ಎಂದಳು ಕಸ್ತೂರೆವ್ವ. "ಅಡ್ಡ ನಿಂತೀರಿ."

ತುಳಸಾಬಾಯಿ ಸರಿದು ನಿಂತಳು. ಮೊದಲು ಕೆಟ್ಟ ಸಿಟ್ಟು ಬಂತು. ಇಷ್ಟು ದೂರ ಬಂದದ್ದಕ್ಕೆ ಇಷ್ಟೇ ಏನು? ಆಮೇಲೆ ಒಬ್ಬೊಬ್ಬರೂ ಬಂದು, ಯಂತ್ರದ ಕಡೆ ನೋಡದೆ, ತಮ್ಮತಮ್ಮಲ್ಲಿ ಯಾರದೋ ಸೊಸೆಯ ಸುದ್ದಿ ಮಾತಾಡುತ್ತಲೇ ಬುಟ್ಟಿ ಓರೆ ಮಾಡಿ ಹೋಗುವುದನ್ನು ನೋಡುತ್ತ ನಿಂತಳು. ಹೋದ ವರ್ಷ ಬಿದ್ದದ್ದನ್ನು ಕಸ್ತೂರೆವ್ವ ಮರೆತೇಬಿಟ್ಟಿದ್ದಳು. ಅವಳಿಗೆ ಅದನ್ನು ನೆನಪಿಟ್ಟುಕೊಳ್ಳುವ ಕಾರಣವೇ ಉಳಿದಿರಲಿಲ್ಲ. ತುಳಸಾಬಾಯಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಸಂತೋಷವೇ ಅದು, ಬೇರೆ ಏನೂ ಅಲ್ಲ. ಕಸ್ತೂರೆವ್ವ ಮಾತಿನ ನಡುವೆಯೇ ಇನ್ನೊಂದು ಬುಟ್ಟಿ ಸುರಿದು ಹೊರಟುಹೋದಳು.